ಸಿರಿತನಕ್ಕೆ ಎಷ್ಟು ಇಂಗ್ಲಿಷ್ ಮಾತು?

(ಸಂಘದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಬ್ಯಾಂಕಿನ ಗುಮಾಸ್ತರಾದ ನಮಗೆ ಸಂಪತ್ತಿನ ವಿಷಯವಾಗಿ ಮಾತನಾಡಲು ಏನು ಅಧಿಕಾರವಿದೆ ಎಂದು ತಾವು ಕೇಳಬಹುದು. ಬೆಳಗಿನಿಂದ ಸಂಜೆಯವರೆಗೆ ಪರರ ಹಣದ ಲೆಕ್ಕ ಇಡುವುದು ನಮ್ಮ ಕಸುಬು. ತಿಂಗಳ ಕೊನೆಗೆ ನಮ್ಮದನ್ನು ಲೆಕ್ಕ ಹಾಕಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಇಂದಿನ ವಿಷಯವು ಸಂಪತ್ತಲ್ಲ, ಸಂಪತ್ತನ್ನು ಹೇಳುವ ಮಾತು. ಆ ಮಾತಿನ ವ್ಯಾಪಾರವು ನಮಗೆ ದಿನವೂ ಉಂಟು. ಒಬ್ಬ ಗಿರಾಕಿಯ ಸ್ಥಿತಿಗತಿಯನ್ನು ಇನ್ನೊಂದು ಬ್ಯಾಂಕಿಗೆ ತಿಳಿಸಬೇಕಾದಾಗ, ಸಾಲದ ಅರ್ಜಿಯ ಮೇಲೆ ನಾಲ್ಕು ಸಾಲಿನ ಟಿಪ್ಪಣಿ ಬರೆಯಬೇಕಾದಾಗ, ಇಂಗ್ಲಿಷಿನಲ್ಲಿ ಒಂದು ವಿಶೇಷಣ ಹೆಚ್ಚಾಗಿ ಬಿದ್ದರೂ ಮೇಲಧಿಕಾರಿಗಳು ಅದಕ್ಕೆ ಗೆರೆ ಎಳೆದು ಹಿಂದಕ್ಕೆ ಕಳುಹಿಸುತ್ತಾರೆ. ಹಾಗೆ ಗೆರೆ ಎಳೆಸಿಕೊಂಡು ಕಲಿತ ವಿದ್ಯೆಯೇ ಈಗ ತಮ್ಮ ಮುಂದೆ ಬರುತ್ತಿರುವುದು.

ಮನೆಯಲ್ಲಿಯೂ ಇದೇ ವ್ಯಾಪಾರ. ಮುಂಬಯಿಯಲ್ಲಿ ನೆಲೆಸಿದ ನಮ್ಮವರ ಮಕ್ಕಳಲ್ಲಿ ಬಹುಪಾಲು ಇಂಗ್ಲಿಷ್ ಶಾಲೆಗೆ ಹೋಗುವವರು. "ರಿಚ್ ಎಂದು ಮೂರು ಸಲ ಬರೆದಾಯಿತು ಅಪ್ಪಾ, ಟೀಚರು ಬೇರೆ ಮಾತು ಹಾಕು ಅನ್ನುತ್ತಾರೆ, ಏನು ಹಾಕಲಿ?" ಎಂದು ಮಗಳು ಕೇಳುತ್ತಾಳೆ. ನಾವು ಉತ್ತರ ಯೋಚಿಸುವುದರೊಳಗೆ ಆಕೆ ಫೋನನ್ನು ಕೇಳಿ ಆಗಿರುತ್ತದೆ. ಫೋನು ಹತ್ತು ಮಾತುಗಳನ್ನು ಸಾಲಾಗಿ ನಿಲ್ಲಿಸುತ್ತದೆ: ವೆಲ್ದಿ, ಅಫ್ಲುಯೆಂಟ್, ಆಪ್ಯುಲೆಂಟ್, ಪ್ರಾಸ್ಪರಸ್, ವೆಲ್-ಟು-ಡು, ಇನ್ನೂ ಏನೇನೋ. ಮಗು ಅದರಲ್ಲಿ ಉದ್ದವಾದುದನ್ನು ಆರಿಸಿಕೊಳ್ಳುತ್ತದೆ. ಉದ್ದವಾದುದೆಲ್ಲ ಒಳ್ಳೆಯದು ಎಂಬ ನಂಬಿಕೆ ಬಟ್ಟೆಯಂಗಡಿಯಲ್ಲಿ ಸರಿಯಿರಬಹುದು. ಮಾತಿನಲ್ಲಿ ಅದು ನಡೆಯುವುದಿಲ್ಲ.

ಇಂತಹ ಸಾಲುಗಳಿಗೆ ಹೆಸರಾದ ಪುಸ್ತಕವನ್ನು ಪೀಟರ್ ಮಾರ್ಕ್ ರೋಜೆ ಎಂಬ ಇಂಗ್ಲಿಷ್ ವೈದ್ಯನು 1852ರಲ್ಲಿ ಪ್ರಕಟಿಸಿದನು. ಅದು ಅಕಾರಾದಿಯಾಗಿ ಜೋಡಿಸಿದ ನಿಘಂಟಲ್ಲ. ಭಾವಕ್ಕೆ ಭಾವ ಸೇರಿಸಿ ಗುಂಪು ಕಟ್ಟಿದ್ದು. ಹೇಳಬೇಕಾದ ಭಾವವೇನೆಂಬುದು ಓದುಗನಿಗೆ ಮೊದಲೇ ಗೊತ್ತಿದೆ, ಮಾತು ಮಾತ್ರ ನಾಲಿಗೆಯ ತುದಿಗೆ ಬರುತ್ತಿಲ್ಲ ಎಂಬ ನಂಬಿಕೆಯ ಮೇಲೆ ಆ ಪುಸ್ತಕ ನಿಂತಿದೆ. ನಮ್ಮ ಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧ. ಮಾತುಗಳು ಕೈಗೆ ಹತ್ತಾರು ಸಿಗುತ್ತವೆ. ಭಾವವಾವುದೆಂದು ಹೇಳಿಕೊಡುವವರು ಮನೆಯಲ್ಲಿ ಕೂತವರು, ಎಂದರೆ ನಾವು. ಅದನ್ನು ಕನ್ನಡದಲ್ಲಿಯೇ ಹೇಳಿಕೊಡಬಹುದು, ಕನ್ನಡದಲ್ಲಿ ಹೇಳಿಕೊಟ್ಟರೆ ಬೇಗ ತಿಳಿಯುತ್ತದೆ ಎಂಬುದನ್ನೇ ಇಂದು ತೋರಿಸಬೇಕೆಂದಿದ್ದೇವೆ.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. "ರಿಚ್ ದೊಡ್ಡದೋ ವೆಲ್ದಿ ದೊಡ್ಡದೋ?" ಎಂದು ಅನೇಕರು ಕೇಳುವುದುಂಟು. ಇವು ತಹಶೀಲ್ದಾರ, ಡೆಪ್ಯುಟಿ ಕಮಿಷನರ್ ಎಂಬಂತೆ ಒಂದರ ಮೇಲೊಂದು ದರ್ಜೆಗಳಲ್ಲ. ಹಣವೆಷ್ಟು ಎಂಬುದನ್ನು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಆ ಹಣ ಹೇಗಿದೆ ಎಂಬುದನ್ನು ಹೇಳುತ್ತವೆ: ನಿಂತಿದೆಯೋ, ಹರಿಯುತ್ತಿದೆಯೋ, ಬೆಳೆಯುತ್ತಿದೆಯೋ, ಮೆರೆಯುತ್ತಿದೆಯೋ.

ರಿಚ್ ಎಂಬುದು ಇವುಗಳಲ್ಲಿ ತೀರ ಹಳೆಯದು, ತೀರ ಸಾಮಾನ್ಯವಾದುದು. ಪುರಾತನ ಇಂಗ್ಲಿಷಿನಲ್ಲಿ ಇದಕ್ಕೆ ಹಣವಂತ ಎಂಬುದಕ್ಕಿಂತ ಬಲಶಾಲಿ, ಪ್ರಭು ಎಂಬ ಅರ್ಥವೇ ಮುಖ್ಯವಾಗಿತ್ತು. ಜರ್ಮನರ ರೈಖ್, ಎಂದರೆ ರಾಜ್ಯ, ಇದರ ದಾಯಾದಿ. ಲ್ಯಾಟಿನಿನ ರೆಕ್ಸ್, ನಮ್ಮ ರಾಜ, ಇವೂ ಅದೇ ಬುಡದವು. ಯಾರ ಕೈಯಲ್ಲಿ ಅಧಿಕಾರವೋ ಅವರ ಕೈಯಲ್ಲಿ ಹಣ ಎಂಬ ಹಳೆಯ ಲೋಕಾನುಭವವು ಈ ಮಾತಿನೊಳಗೆ ಕೂತಿದೆ. ಇದನ್ನು ಓದಿದಾಗ ನಮಗೆ ಒಡನೆಯೇ ಹೊಳೆದದ್ದು ನಮ್ಮ 'ಐಶ್ವರ್ಯ'. ಅದು ಈಶ್ವರ ಎಂಬುದರಿಂದ ಬಂದದ್ದು. ಒಡೆತನ, ಪ್ರಭುತ್ವ ಎಂಬುದು ಅದರ ಮೊದಲ ಅರ್ಥ. ಹಣ ಎಂಬ ಅರ್ಥ ಹಿಂದಿನಿಂದ ಬಂದು ಸೇರಿಕೊಂಡಿತು. ಒಂದನ್ನೊಂದು ಕಾಣದ ಎರಡು ನಾಡುಗಳು ಅದೇ ದಾರಿಯಲ್ಲಿ ನಡೆದಿವೆ. ಬಸವಣ್ಣನವರು ಪ್ರಸಿದ್ಧವಾದೊಂದು ವಚನದಲ್ಲಿ ಹಣವಂತರಿಗೆ 'ಉಳ್ಳವರು' ಎಂಬ ಅಚ್ಚಕನ್ನಡ ಮಾತನ್ನು ಬಳಸಿದರು. ಅದರಲ್ಲಿ ಅಧಿಕಾರವೂ ಇಲ್ಲ, ವೈಭವವೂ ಇಲ್ಲ. ಇದ್ದದ್ದು ಇದೆ ಎಂಬಷ್ಟೇ. ಇಂಗ್ಲಿಷಿನವರೂ 'ಹ್ಯಾವ್ಸ್' ಎಂದು ಹೇಳುತ್ತಾರೆ. ಆದರೆ ಅದನ್ನು ಒಬ್ಬನಿಗೆ ಅನ್ವಯಿಸಿ ಹೇಳಲು ಬರುವುದಿಲ್ಲ. ನಮಗೆ ಬರುತ್ತದೆ.

ರಿಚ್ ಎಂಬುದು ಯಾರ ಮನೆಗೂ ಹೋಗಿ ಕೂರುವ ಮಾತು. ಮಣ್ಣು ರಿಚ್ ಆಗಬಹುದು, ಊಟ ರಿಚ್ ಆಗಬಹುದು, ಕಂಠ, ಬಣ್ಣ, ಭಾಷೆ ಎಲ್ಲವೂ ಆಗಬಹುದು. ವೆಲ್ದಿಗೆ ಆ ಸಲಿಗೆ ಇಲ್ಲ. ವೆಲ್ದಿ ಮಣ್ಣು ಎಂದರೆ ನಗುತ್ತಾರೆ. ಮನುಷ್ಯ, ಮನೆತನ, ನಾಡು, ಹೆಚ್ಚೆಂದರೆ ಒಂದು ಬಡಾವಣೆ, ಇಷ್ಟಕ್ಕೇ ಅದು. ಅದರ ಹುಟ್ಟನ್ನು ನೋಡಿದರೆ ಕಾರಣ ತಿಳಿಯುತ್ತದೆ. ವೆಲ್ತ್ ಎಂಬುದು 'ವೀಲ್' ಎಂಬ ಹಳೆಯ ಮಾತಿನ ಮಗು. ವೀಲ್ ಎಂದರೆ ಕ್ಷೇಮ, ಯೋಗಕ್ಷೇಮ. ಹೆಲ್ತ್ ಎಂಬುದರ ಅಚ್ಚಿನಲ್ಲಿಯೇ ವೆಲ್ತ್ ಎಂಬುದನ್ನು ಎರಕ ಹೊಯ್ದರು. ಕಾಮನ್‌ವೆಲ್ತ್ ಎಂಬಲ್ಲಿ ಆ ಮೂಲಾರ್ಥ ಇನ್ನೂ ಉಳಿದಿದೆ. ಅದು ಎಲ್ಲರ ಕೂಡು ಆಸ್ತಿಯಲ್ಲ, ಎಲ್ಲರ ಕ್ಷೇಮ. ಆದುದರಿಂದ ವೆಲ್ದಿ ಎಂಬಲ್ಲಿ ನಿನ್ನೆ ಮೊನ್ನೆ ಬಂದ ಹಣದ ಸದ್ದು ಕೇಳಿಸುವುದಿಲ್ಲ. ಭೂಮಿ, ಮನೆ, ಷೇರು, ಬಂಗಾರ, ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದ ನೆಮ್ಮದಿ, ಇವುಗಳ ಸದ್ದು ಕೇಳಿಸುತ್ತದೆ. ಲಾಟರಿ ಹೊಡೆದವನು ಮರುದಿನ ಬೆಳಿಗ್ಗೆ ರಿಚ್. ವೆಲ್ದಿ ಎನಿಸಿಕೊಳ್ಳಲು ಅವನು ಕೊಂಚ ಕಾಯಬೇಕು. ಹೊಸ ಶ್ರೀಮಂತಿಕೆಯನ್ನು ಗೇಲಿ ಮಾಡುವಾಗ ಇಂಗ್ಲಿಷಿನವರು 'ನ್ಯೂ ರಿಚ್' ಎನ್ನುತ್ತಾರೆ, 'ನ್ಯೂ ವೆಲ್ದಿ' ಎನ್ನುವುದಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ನಮ್ಮ ಗಾದೆಯೂ ಐಶ್ವರ್ಯವನ್ನೇ ಆರಿಸಿಕೊಂಡಿದೆ. ಗಾದೆ ಕಟ್ಟಿದವರಿಗೆ ಮಾತಿನ ತೂಕ ಗೊತ್ತಿತ್ತು.

ಆಡಂ ಸ್ಮಿತ್‌ನು 1776ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿ ರಾಷ್ಟ್ರಗಳಿಗೆ ಇರುವುದು ವೆಲ್ತ್. 1957ರಲ್ಲಿ ನಮ್ಮ ದೇಶದಲ್ಲಿ ಬಂದು, 2015ರ ಮುಂಗಡಪತ್ರದಲ್ಲಿ ರದ್ದಾದ ಸಂಪತ್ತು ತೆರಿಗೆಯ ಇಂಗ್ಲಿಷ್ ಹೆಸರೂ ವೆಲ್ತ್ ಟ್ಯಾಕ್ಸ್. ಮಾರ್ಚಿ 31ನೆಯ ತಾರೀಕಿಗೆ ಒಬ್ಬನ ಬಳಿ ಸಾಲ ಕಳೆದು ನಿಂತಿರುವುದೆಷ್ಟು ಎಂದು ನೋಡುವ ತೆರಿಗೆ ಅದು. ವರ್ಷದಲ್ಲಿ ಬಂದು ಹೋದದ್ದನ್ನು ನೋಡುವುದು ಆದಾಯ ತೆರಿಗೆ. ಬಿ.ಕಾಂ. ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ತಿ ಜವಾಬ್ದಾರಿಯ ಪಟ್ಟಿ ಬೇರೆ, ಲಾಭ ನಷ್ಟದ ಪಟ್ಟಿ ಬೇರೆ. ಕೆರೆಯಲ್ಲಿ ನಿಂತ ನೀರು ಒಂದು, ಕಾಲುವೆಯಲ್ಲಿ ಬರುವ ನೀರು ಇನ್ನೊಂದು. ವೆಲ್ತ್ ಎಂದರೆ ಕೆರೆ.

ಕಾಲುವೆಗೆ ಇಂಗ್ಲಿಷಿನಲ್ಲಿ ಮಾತು ಯಾವುದು? ಅಫ್ಲುಯೆಂಟ್. ಇದು ನಮ್ಮ ಹೋಲಿಕೆಯಲ್ಲ, ಆ ಮಾತಿನ ಅರ್ಥವೇ ಅದು. ಲ್ಯಾಟಿನಿನಲ್ಲಿ ಕಡೆಗೆ ಹರಿದು ಬರುವುದು ಎಂದರ್ಥ. ಹಳೆಯ ಭೂಗೋಳದ ಪುಸ್ತಕಗಳಲ್ಲಿ ಉಪನದಿಗೂ ಇದೇ ಹೆಸರು. ಹೇಮಾವತಿ, ಕಬಿನಿ ನದಿಗಳು ಕಾವೇರಿಗೆ ಅಫ್ಲುಯೆಂಟ್. ಹಣ ತಡೆಯಿಲ್ಲದೆ ಒಳಗೆ ಬರುತ್ತಿದೆ, ಖರ್ಚಿಗೆ ಕೈ ಹಿಡಿಯಬೇಕಾಗಿಲ್ಲ, ಮನೆಯಲ್ಲಿ ಬೇಕಾದ ಸಾಮಾನೆಲ್ಲ ಇದೆ ಎಂಬಲ್ಲಿ ಈ ಮಾತು ಸಲ್ಲುತ್ತದೆ. ಜಾನ್ ಕೆನೆತ್ ಗಾಲ್‌ಬ್ರೇತ್ ಎಂಬ ಅರ್ಥಶಾಸ್ತ್ರಜ್ಞರು, 1961ರಿಂದ 1963ರವರೆಗೆ ಅಮೆರಿಕದ ರಾಯಭಾರಿಯಾಗಿ ದಿಲ್ಲಿಯಲ್ಲಿದ್ದವರು, 1958ರಲ್ಲಿ ತಮ್ಮ ದೇಶವನ್ನು ಕುರಿತು ಬರೆದ ಪುಸ್ತಕಕ್ಕೆ 'ದಿ ಅಫ್ಲುಯೆಂಟ್ ಸೊಸೈಟಿ' ಎಂದು ಹೆಸರಿಟ್ಟರು. ಮನೆಮನೆಗೂ ಮೋಟಾರು, ಹೊಸ ಹೊಸ ಸಾಮಾನು. ಆದರೆ ಶಾಲೆ, ಉದ್ಯಾನ, ಊರಿನ ಸ್ವಚ್ಛತೆ ಮೊದಲಾದ ಸಾರ್ವಜನಿಕ ಕೆಲಸಕ್ಕೆ ಹಣವಿಲ್ಲ ಎಂಬುದು ಅವರ ದೂರು. ಅಲ್ಲಿ ವೆಲ್ದಿ ಎಂದಿದ್ದರೆ ದೂರಿನ ಮೊನೆ ಮುರಿಯುತ್ತಿತ್ತು. ವೆಲ್ದಿಯಲ್ಲಿ ಕ್ಷೇಮವಿದೆ, ಅಫ್ಲುಯೆಂಟ್‌ನಲ್ಲಿ ಬರೀ ಹರಿವಿದೆ. ಈಗ ಬ್ಯಾಂಕುಗಳೂ ಗಿರಾಕಿಗಳನ್ನು ವಿಂಗಡಿಸುವಾಗ 'ಮಾಸ್ ಅಫ್ಲುಯೆಂಟ್' ಎಂಬೊಂದು ವರ್ಗ ಮಾಡಿಕೊಂಡಿವೆ. ಸಂಬಳ ಚೆನ್ನಾಗಿದೆ, ಕಂತುಗಳೂ ಚೆನ್ನಾಗಿವೆ ಎಂದು ಅದಕ್ಕೆ ಅರ್ಥ ಹೇಳಬಹುದೇನೋ! ನಿಂತ ನೀರಿನ ದೊಡ್ಡ ಗಿರಾಕಿಗಳಿಗೆ ಬೇರೆ ಕೋಣೆ, ಬೇರೆ ಸೋಫಾ. ಆ ಕೋಣೆಯ ಬಾಗಿಲ ಮೇಲೆ ವೆಲ್ತ್ ಮ್ಯಾನೇಜ್‌ಮೆಂಟ್ ಎಂದು ಬರೆದಿರುತ್ತದೆ.

ಹರಿವಿನ ಮಾತು ಬಂದಾಗ ಮುಂಬಯಿಯಲ್ಲಿ ಕೂತು ದಾದಾಭಾಯಿ ನವರೋಜಿಯವರನ್ನು ನೆನೆಯದಿರುವುದು ಸಾಧ್ಯವಿಲ್ಲ. ಈ ಊರಿನ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಗಣಿತ ಕಲಿಸಿದ ಅವರು, ಭಾರತದ ಸಂಪತ್ತು ವರ್ಷವರ್ಷವೂ ಇಂಗ್ಲೆಂಡಿಗೆ ಹೇಗೆ ಹೋಗುತ್ತಿದೆ ಎಂಬುದನ್ನು ಅಂಕಿ ಸಂಖ್ಯೆಗಳಿಂದ ತೋರಿಸಿದರು. 1901ರಲ್ಲಿ ಅದು ದೊಡ್ಡ ಗ್ರಂಥವಾಗಿ ಹೊರಬಂದಿತು. ಅವರ ವಾದಕ್ಕೆ ಅಂಟಿಕೊಂಡ ಮಾತು 'ಡ್ರೇನ್'. ಲೂಟಿ ಎನ್ನಬಹುದಿತ್ತು, ಕಳವು ಎನ್ನಬಹುದಿತ್ತು. ಆದರೆ ಗದ್ದೆಯ ನೀರು ಬದುವಿನ ತೂತಿನಿಂದ ಸದ್ದಿಲ್ಲದೆ ಸೋರಿಹೋಗುವ ಚಿತ್ರವನ್ನು ಈ ಒಂದು ಮಾತು ಕಣ್ಣಿಗೆ ಕಟ್ಟಿಸುತ್ತದೆ. ಅಲ್ಲಿ ಒಳಗೆ ಹರಿದದ್ದು ಅಫ್ಲುಯೆಂಟ್ ಆಯಿತು. ಇಲ್ಲಿಂದ ಹೊರಗೆ ಹರಿದದ್ದು ಡ್ರೇನ್ ಆಯಿತು. ಸರಿಯಾಗಿ ಆರಿಸಿದ ಮಾತು ಬರಿಯ ಅಲಂಕಾರವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಗೊತ್ತಿಲ್ಲ.

ಇಲ್ಲೊಂದು ಎಚ್ಚರಿಕೆ. ಅಫ್ಲುಯೆಂಟ್‌ಗೆ ಎಫ್ಲುಯೆಂಟ್ ಎಂಬೊಬ್ಬ ತಮ್ಮನಿದ್ದಾನೆ. ಹೊರಗೆ ಹರಿದದ್ದು ಎಂದು ಅರ್ಥ. ಕಾರ್ಖಾನೆಯ ಕೊಳಕು ನೀರಿಗೆ ಆ ಹೆಸರು. ವರ ಬೇಕಾಗಿದ್ದಾನೆ ಎಂಬೊಂದು ಜಾಹೀರಾತಿನಲ್ಲಿ ಹುಡುಗಿಯ ಕಡೆಯವರನ್ನು ಎಫ್ಲುಯೆಂಟ್ ಕುಟುಂಬ ಎಂದು ಅಚ್ಚು ಹಾಕಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಂಬಂಧ ಕುದುರಿತೋ ಇಲ್ಲವೋ!

ಆಪ್ಯುಲೆಂಟ್ ಎಂಬುದು ಕಣ್ಣಿಗೆ ಕಾಣುವ ಸಿರಿ. ಅರಮನೆ, ಮದುವೆಯ ಚಪ್ಪರ, ಬಂಗಾರದ ಕೆಲಸದ ಛತ್ತು, ರತ್ನಗಂಬಳಿ. ನಮ್ಮ 'ವೈಭವ' ಇದಕ್ಕೆ ಸರಿಸಾಟಿ. ಸ್ಮಿತ್‌ನ ಕಾಲಕ್ಕೆ ಅದರಲ್ಲಿ ಈ ಮೆರೆತ ಇರಲಿಲ್ಲ. ಅವನು ತನ್ನ ಗ್ರಂಥದ ಮೂರನೆಯ ಭಾಗದ ಶೀರ್ಷಿಕೆಯಲ್ಲಿ ರಾಷ್ಟ್ರಗಳ ಏಳಿಗೆಗೆ ಇದೇ ಮಾತನ್ನು ಹಾಕಿದ್ದಾನೆ. ಇಂದು ಯಾರಾದರೂ ಒಂದು ದೇಶವನ್ನು ಹಾಗೆ ಕರೆದರೆ ಅದು ಹೊಗಳಿಕೆಯಲ್ಲ, ಚುಚ್ಚುಮಾತು. ನಮ್ಮ ಸಂಘದ ಒಬ್ಬ ಸದಸ್ಯರು ತಮ್ಮ ಊರಿನ ಡಾಕ್ಟರನ್ನು ಇಂಗ್ಲಿಷಿನಲ್ಲಿ ಹೊಗಳುತ್ತ ಆಪ್ಯುಲೆಂಟ್ ಎಂದರು. ಪಾಪ, ಆ ಡಾಕ್ಟರು ಸೈಕಲ್ಲಿನಲ್ಲಿ ಓಡಾಡುವವರು. ಹಣವಿರಬಹುದು, ಆದರೆ ಕಾಣಿಸದ ಹಣಕ್ಕೆ ಆ ಮಾತು ಹೊಂದುವುದಿಲ್ಲ.

ಇನ್ನು ಪ್ರಾಸ್ಪರಸ್. ಇದರ ಹಿಂದೆ ಒಂದು ಕಥೆಯನ್ನೇ ಹೇಳಬೇಕು.

ನಮ್ಮ ಬಿಡಾರದ ಹತ್ತಿರ ಕುಂದಾಪುರದ ಕಡೆಯ ಒಂದು ಕುಟುಂಬವಿದೆ. ಯಜಮಾನರು ಹೋಟೆಲಿನಲ್ಲಿ ಅಡಿಗೆಯವರು. ಊರಿನಲ್ಲಿ ಒಂದು ಕಾಲಕ್ಕೆ ಗದ್ದೆ, ತೋಟ, ಬಂದವರಿಗೆಲ್ಲ ಊಟ ಎಂಬಂತಿದ್ದ ಮನೆ; ಪಾಲಾಗಿ, ವ್ಯಾಜ್ಯವಾಗಿ, ಈಗ ಹಂಚು ಉಳಿದಿದೆ, ಹಂಚಿನ ಕೆಳಗೆ ಜನರಿಲ್ಲ. ಕೆಲವು ವರ್ಷಗಳ ಹಿಂದೆ ಅವರ ಮಗನಿಗೆ ಶಾಲೆಯ ಶುಲ್ಕದಲ್ಲಿ ರಿಯಾಯಿತಿ ಬೇಕಾಯಿತು. ತಂದೆ ಕನ್ನಡದಲ್ಲಿ ಹೇಳಿದರು, ಹುಡುಗ ಇಂಗ್ಲಿಷಿನಲ್ಲಿ ಬರೆದ. ತಂದೆ ಹೇಳಿದ್ದು ಇಷ್ಟೆ: ನಾವು ಬೇಡುವ ಜನರಲ್ಲ, ಒಳ್ಳೆಯ ಮನೆತನದವರು, ಬಾಳಿ ಬದುಕಿದ ಮನೆ, ಈಗ ಕಷ್ಟ ಬಂದಿದೆ. ಹುಡುಗನು ಫೋನಿನಲ್ಲಿ ಹುಡುಕಿ, ನಾವು ದಕ್ಷಿಣ ಕನ್ನಡದ ಪ್ರಾಸ್ಪರಸ್ ಕುಟುಂಬದವರು ಎಂದು ಮೊದಲ ಸಾಲಿನಲ್ಲಿಯೇ ಬರೆದು ಕೊಟ್ಟ. ರಿಯಾಯಿತಿಯು ಬಡ ವಿದ್ಯಾರ್ಥಿಗಳಿಗೆ ಮೀಸಲು ಎಂಬ ಒಂದೇ ಸಾಲಿನ ಉತ್ತರದೊಡನೆ ಅರ್ಜಿ ಹಿಂದಿರುಗಿತು.

ಅದನ್ನು ಹಿಡಿದುಕೊಂಡು ತಂದೆ ಮಗ ನಮ್ಮಲ್ಲಿಗೆ ಬಂದರು. "ಅಪ್ಪಯ್ಯ ಹೇಳಿದ್ದನ್ನೇ ಬರೆದೆ ಮಾಮ," ಎಂದು ಹುಡುಗ ಅಳುವಂತಾದ. ತಂದೆಯವರು, "ನಮ್ಮ ಮರ್ಯಾದೆ ಬಿಟ್ಟು ಕೇಳಬೇಕಿತ್ತೋ ಏನೋ," ಎಂದು ಸುಮ್ಮನಾದರು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಾಸ್ಪರಸ್ ಎಂದರೆ ಹಾರೈಸಿದಂತೆ ಕೈಗೂಡುತ್ತ ಇರುವುದು, ಏಳಿಗೆಯಲ್ಲಿರುವುದು. ನಮ್ಮ ಸಮೃದ್ಧಿಯ ಬುಡದಲ್ಲಿಯೂ ಬೆಳೆಯುವುದು ಎಂಬ ಧಾತುವೇ ಇದೆ. ಅದು ಇಂದಿನ ಮಾತು, ನಾಳೆಯ ಕಡೆಗೆ ಮುಖ ಮಾಡಿದ ಮಾತು. ತಂದೆ ಹೇಳಿದ 'ಬಾಳಿ ಬದುಕಿದ ಮನೆ' ಎಂಬುದಾದರೋ ನಿನ್ನೆಯ ಮಾತು. ಅದರಲ್ಲಿ ಸಿರಿ ಇದೆ, ಸಿರಿ ಹೋದದ್ದೂ ಇದೆ, ಹೋದರೂ ತಗ್ಗದ ಮರ್ಯಾದೆ ಇದೆ. ಮೂರನ್ನೂ ಒಟ್ಟಿಗೆ ಹೊರುವ ಇಂಗ್ಲಿಷ್ ಮಾತು ಒಂದಾದರೂ ನಮಗೆ ಸಿಗಲಿಲ್ಲ. ಆದುದರಿಂದ ಅದನ್ನು ಒಡೆದು ಹೇಳಬೇಕಾಯಿತು. ಮರ್ಯಾದೆಗೆ 'ರೆಸ್ಪೆಕ್ಟಬಲ್'. ಹಳೆಯ ಸ್ಥಿತಿಗೆ 'ವನ್ಸ್ ವೆಲ್-ಟು-ಡು'. ಇಂದಿನದಕ್ಕೆ ವಿಶೇಷಣವೇ ಇಲ್ಲ. ತಿಂಗಳ ಸಂಬಳವೆಷ್ಟು, ಬಾಡಿಗೆಯೆಷ್ಟು, ಮನೆಯಲ್ಲಿ ಎಷ್ಟು ಜನ ಎಂಬ ಅಂಕಿಗಳು. ಅಂಕಿಯಿರುವಲ್ಲಿ ವಿಶೇಷಣ ಹಾಕಬಾರದು ಎಂಬುದು ನಮ್ಮ ಕಚೇರಿಯ ಪಾಠ. ಎರಡನೆಯ ಅರ್ಜಿ ತಡವಾಗಿ ಹೋದುದರಿಂದ ಆ ಅವಧಿಯ ಶುಲ್ಕವನ್ನು ಕೈಬಳೆ ಅಡವಿಟ್ಟು ಕಟ್ಟಿದರು. ಮುಂದಿನ ಅವಧಿಯಿಂದ ಅರ್ಧ ರಿಯಾಯಿತಿ ದೊರೆಯಿತು. ಒಂದು ಪದದ ಬೆಲೆ ಎರಡು ಬಳೆ.

ವೆಲ್-ಟು-ಡು ಎಂದೆವು. ಇದು ನಮ್ಮ 'ಅನುಕೂಲಸ್ಥರು' ಎಂಬುದಕ್ಕೆ ಅವಳಿ. ಉಂಡುಟ್ಟು ಸುಖವಾಗಿದ್ದಾರೆ, ನಾಲ್ಕು ಜನ ಬಂದರೆ ಮುಖ ಸಣ್ಣದಾಗುವುದಿಲ್ಲ ಎಂಬಷ್ಟು. ಅದರಲ್ಲಿ ಮೆರೆತವಿಲ್ಲ, ಹೊಟ್ಟೆಕಿಚ್ಚಿಗೆ ಎಡೆಯಿಲ್ಲ. ಆದುದರಿಂದಲೇ ಮದುವೆಯ ಮಾತುಕತೆಗೆ ಅದು ಅಫ್ಲುಯೆಂಟ್‌ಗಿಂತ ಸಾವಿರ ಪಾಲು ಕ್ಷೇಮಕರ. ಹುಡುಗಿಯ ಮನೆಯವರು ಅಫ್ಲುಯೆಂಟ್ ಎಂದು ಬರೆದುಕೊಂಡರೆ ಎದುರು ಕಡೆಯವರು ಪಟ್ಟಿ ಬರೆಯಲು ಕೂರುತ್ತಾರೆ. ವೆಲ್-ಆಫ್ ಎಂಬುದೂ ಇದರ ಹತ್ತಿರದ್ದು. ಆದರೆ ಅದಕ್ಕೆ 'ಬೆಟರ್-ಆಫ್' ಎಂಬ ತುಲನೆಯ ರೂಪ ಬರುತ್ತದೆ, ಆ ರೂಪಕ್ಕೆ ಶ್ರೀಮಂತಿಕೆಯೇ ಬೇಕಾಗಿಲ್ಲ. ಹತ್ತು ಸಾವಿರ ಸಂಬಳದವನಿಗಿಂತ ಹನ್ನೆರಡು ಸಾವಿರದವನು ಬೆಟರ್-ಆಫ್. ಇಬ್ಬರೂ ಬಡವರೇ. ಬಡವರೊಳಗೆ ಹೋಲಿಸಿ ನೋಡುವಾಗ ಉಳಿದ ಮಾತುಗಳೆಲ್ಲ ಹಿಂದೆ ಸರಿದು ಇದೊಂದೇ ಮುಂದೆ ಬರುತ್ತದೆ.

ಇಷ್ಟು ಹೊತ್ತು ಹಣದ ಮಾತಾಯಿತು. ಇನ್ನು ಹಣವಲ್ಲದೆ ಬೇರೆ ವಸ್ತು ಹೆಚ್ಚಾಗಿರುವುದನ್ನು ಹೇಳುವ ಮಾತುಗಳು. ಇಲ್ಲಿ ನಮ್ಮವರ ಕಾಲು ಜಾರುವುದು ಇಂಗ್ಲಿಷಿನಿಂದಲ್ಲ, ಕನ್ನಡದಿಂದಲೇ. 'ಸಾಕಷ್ಟು' ಎಂದರೇನು? ಸಾಕಾಗುವಷ್ಟು. ಆದರೆ "ಸಾಕಷ್ಟು ಖರ್ಚಾಯಿತು" ಎಂದು ನಿಟ್ಟುಸಿರು ಬಿಡುವಾಗ ಸಾಕಾಗುವಷ್ಟು ಎಂದಲ್ಲ, ಬಹಳ ಎಂದೇ ಅರ್ಥ. 'ಬೇಕಾದಷ್ಟು' ಎಂಬುದೂ ಹಾಗೆಯೇ. "ಮಾವಿನಹಣ್ಣು ಬೇಕಾದಷ್ಟಿದೆ" ಎಂದರೆ ಬೇಕಾದುದಕ್ಕಿಂತ ಹೆಚ್ಚಿದೆ ಎಂದು. ಇವನ್ನು ಎತ್ತಿಕೊಂಡು ಹೋಗಿ ಸಫಿಷಿಯೆಂಟ್ ಎಂದು ಬರೆದರೆ ಅರ್ಥ ಕುಗ್ಗುತ್ತದೆ. ಸಫಿಷಿಯೆಂಟ್ ಎಂಬುದು ಸರಿಯಾದ ಅಳತೆಯ ಮಾತು. ಅದರ ವಿರುದ್ಧಪದವನ್ನು ಹೊತ್ತ ಚೀಟಿಯೊಡನೆ ಚೆಕ್ಕು ಹಿಂದಿರುಗುವುದನ್ನು ನಾವು ದಿನವೂ ಕಾಣುತ್ತೇವೆ. ನೂರು ರೂಪಾಯಿಯ ಚೆಕ್ಕಿಗೆ ನೂರು ಇದ್ದರೆ ಸಫಿಷಿಯೆಂಟ್, ತೊಂಬತ್ತೊಂಬತ್ತಿದ್ದರೆ ಅಲ್ಲ.

ಆಂಪಲ್ ಎಂಬುದು ಅದಕ್ಕಿಂತ ಉದಾರಿ. ಬೆಳೆಯುವ ಹುಡುಗನಿಗೆ ಅಂಗಿ ಹೊಲಿಸುವಾಗ ತಾಯಿಯು ಒಳಗೆ ಮಡಿಚಿ ಒಂದು ಅಂಗುಲ ಬಟ್ಟೆ ಬಿಡಿಸುತ್ತಾಳಲ್ಲ, ಅದು ಆಂಪಲ್. ಬೇಕಾದುದಕ್ಕೆ ಸಾಲುತ್ತದೆ, ಮೇಲೆ ಕೈಯಾಡಲು ಎಡೆಯೂ ಇದೆ. ಸಾಲಕ್ಕೆ ಕೊಟ್ಟ ಆಧಾರವು ಆಂಪಲ್ ಎಂದು ಟಿಪ್ಪಣಿಯಲ್ಲಿ ಬರೆದರೆ ಮ್ಯಾನೇಜರು ನಿಶ್ಚಿಂತೆಯಾಗಿ ಸಹಿ ಹಾಕುತ್ತಾರೆ. ಅಬಂಡೆಂಟ್ ಎಂದು ಬರೆದರೆ? ಕಣ್ಣೆತ್ತಿ ನೋಡುತ್ತಾರೆ. ಅಬಂಡೆಂಟ್‌ನ ಹೊಟ್ಟೆಯಲ್ಲಿ ಅಲೆ ಎಂಬ ಲ್ಯಾಟಿನ್ ಮಾತಿದೆ, ನಮ್ಮ ಉದಕಕ್ಕೆ ದೂರದ ನಂಟು. ದಡ ಮೀರಿ ಉಕ್ಕುವುದು ಅದರ ಸ್ವಭಾವ. ಬೇಕೋ ಬೇಡವೋ ಎಂಬ ಲೆಕ್ಕ ಅದಕ್ಕಿಲ್ಲ. ಬಿಸಿಲು, ಬೆಳೆ, ಹೂವು, ದೇವರ ದಯೆ, ಇಂತಹವಕ್ಕೆ ಅದು ಒಪ್ಪುತ್ತದೆ. ಉಕ್ಕಿದರೂ ಅದು ಸಂತೋಷದ ಮಾತು ಎಂಬುದನ್ನು ಮರೆಯಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. ಕುತ್ತಿಗೆಯವರೆಗಿನ ನೀರಿನಲ್ಲಿ ನಡೆದು ಮನೆ ಸೇರಿದವರು ಈ ಸಭೆಯಲ್ಲಿಯೂ ಇದ್ದಾರೆ. ಅದನ್ನು ಅಬಂಡೆಂಟ್ ಮಳೆ ಎಂದರೆ ಅವರು ನಮ್ಮನ್ನು ಬಿಡುವುದಿಲ್ಲ. ಅದಕ್ಕೆ ಎಕ್ಸೆಸಿವ್ ಎಂದೇ ಹೇಳಬೇಕು. ಕನ್ನಡದಲ್ಲಿಯೂ ಸಮೃದ್ಧ ಮಳೆ ಬೇರೆ, ಅತಿವೃಷ್ಟಿ ಬೇರೆ ಅಲ್ಲವೆ?

ಪ್ಲೆಂಟಿ ಮನೆಮಾತು, ಅದು ನಮ್ಮ 'ಪೂರ್ಣ' ಎಂಬುದರ ಬಳಗ. ಪ್ಲೆಂಟಿಫುಲ್ ಎಂದರೆ ಪೇಟೆಯಲ್ಲಿ ಹೇರಳವಾಗಿ ಸಿಗುತ್ತದೆ ಎಂದು. ಕೋಪಿಯಸ್ ಎಂಬುದನ್ನು ಕಣ್ಣೀರಿಗೆ, ಟಿಪ್ಪಣಿಗೆ ಬಿಟ್ಟುಬಿಡಬೇಕು. ಗುಮಾಸ್ತರಾದ ನಮಗೆ ಇದರಲ್ಲೊಂದು ತಮಾಷೆ ಕಾಣುತ್ತದೆ: ಕಾಪಿ, ಎಂದರೆ ನಕಲು, ಅದೂ ಇದೇ ಬೇರಿನದು. ಒಂದನ್ನು ಮೂರು ಮಾಡಿದರೆ ಸಮೃದ್ಧಿಯೇ ತಾನೆ! ಪ್ರೊಫ್ಯೂಸ್ ಎಂದರೆ ಸುರಿಯುವುದು, ಬೆವರಿಗೂ ಕ್ಷಮಾಪಣೆಗೂ ಸಲ್ಲುತ್ತದೆ. ಲ್ಯಾವಿಷ್‌ನ ಹುಟ್ಟು ಒಂದು ಜಡಿಮಳೆ. ಕೊಡುವವನ ಕೈಯನ್ನು ಹೇಳಲು ಅದು ತಕ್ಕದ್ದು. ನೋಡಿ, ಎಲ್ಲವೂ ನೀರೇ.

ಒಂದು ಮಾತ್ರ ಹಾಲು. ಎಕ್ಸುಬರೆಂಟ್ ಎಂಬುದನ್ನು ಮಕ್ಕಳು ಉತ್ಸಾಹ ಎಂಬರ್ಥದಲ್ಲಿ ಬರೆಯುತ್ತಾರೆ, ಅದು ಸರಿಯೇ. ಆದರೆ ಅದರ ಒಳಗಿರುವುದು ಹಸುವಿನ ಕೆಚ್ಚಲು. ಸಂಸ್ಕೃತದಲ್ಲಿ ಊಧಸ್ ಎನ್ನುವುದೂ ಲ್ಯಾಟಿನಿನ ಆ ಮಾತೂ ಒಂದೇ ಕುಲದವು. ಹಾಲು ತುಂಬಿ ತಾನಾಗಿ ಒಸರುವ ಕೆಚ್ಚಲನ್ನು ಊರಿನಲ್ಲಿ ಕಂಡವರಿಗೆ ಈ ಮಾತಿನ ಅರ್ಥವನ್ನು ಯಾವ ನಿಘಂಟೂ ಇನ್ನು ಹೆಚ್ಚಾಗಿ ತಿಳಿಸಲಾರದು. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಹಾಲನ್ನು ಚೀಲದಲ್ಲಿ ಕಂಡವರು. ಅವರನ್ನು ರಜೆಯಲ್ಲಿ ಒಮ್ಮೆ ಕೊಟ್ಟಿಗೆಗೆ ಕರೆದುಕೊಂಡು ಹೋದರೆ ಇಂಗ್ಲಿಷ್ ಪಾಠವೂ ಆದೀತು. ಸಂಪತ್ತಿಗೂ ದನಕ್ಕೂ ಇಂಗ್ಲಿಷಿನಲ್ಲಿಯೂ ನಂಟುಂಟು. ಕ್ಯಾಟಲ್ ಎಂಬುದೂ ನಮ್ಮ ವಾಣಿಜ್ಯಶಾಸ್ತ್ರದ ಕ್ಯಾಪಿಟಲ್ ಎಂಬುದೂ ಒಂದೇ ಬಸಿರಿನಿಂದ ಬಂದವು. ಹಣಕ್ಕೆ ಸಂಬಂಧಿಸಿದ್ದನ್ನು ಪೆಕ್ಯೂನಿಯರಿ ಎನ್ನುವಾಗ ಅದರೊಳಗೆ ನಮ್ಮ 'ಪಶು' ಕಟ್ಟಿಹಾಕಿಕೊಂಡು ನಿಂತಿದೆ.

ಲಗ್ಜುರಿಯಂಟ್, ಲಗ್ಜುರಿಯಸ್ ಎಂಬ ಜೋಡಿಯನ್ನು ಹೇಳಿ ಮುಗಿಸುತ್ತೇವೆ, ಏಕೆಂದರೆ ಫ್ಲ್ಯಾಟು ಮಾರುವವರ ಕೈಪತ್ರಗಳಲ್ಲಿ ಇದರ ಅವಾಂತರ ವಿಪರೀತವಾಗಿದೆ. ಮೊದಲನೆಯದು ನಮ್ಮ 'ಹುಲುಸು', ಗಿಡ ಬಳ್ಳಿ ತಲೆಗೂದಲಿಗೆ ಸಲ್ಲುವಂಥದು. ಎರಡನೆಯದು ಭೋಗ. ಠಾಣೆಯ ಕಡೆ ಲಗ್ಜುರಿಯಂಟ್ ಫ್ಲ್ಯಾಟು ಸಿಗುತ್ತದೆಂದು ಒಂದು ಕೈಪತ್ರ ಸಾರುತ್ತಿತ್ತು. ಕೊಂಡವರು ಕುಡುಗೋಲನ್ನೂ ಕೊಳ್ಳಬೇಕಾದೀತು.

ಮಾತಿಗೆ ಮೊದಲು ಕಾರ್ಯದರ್ಶಿಗಳು ನಮ್ಮ ಕಿವಿಯಲ್ಲಿ, ಹೊರಗೆ ಉಪ್ಪಿಟ್ಟು ಕಾಫಿ ಸಾಕಷ್ಟಿದೆ ಎಂದು ಹೇಳಿದರು. ಅದು ಸಫಿಷಿಯೆಂಟ್ ಎಂಬರ್ಥದ ಸಾಕಷ್ಟೋ ಆಂಪಲ್ ಎಂಬರ್ಥದ್ದೋ ಎಂದು ಕೇಳುವುದರೊಳಗೆ ಅವರು ಹೊರಟುಹೋದರು. ಹಿಂದಿನ ಸಾಲಿನವರು ಆಗಲೇ ಏಳುತ್ತಿರುವುದನ್ನು ನೋಡಿದರೆ ಅವರಿಗೂ ಅದೇ ಸಂಶಯ ಬಂದಿರುವಂತೆ ಕಾಣುತ್ತದೆ.